ಒಂದು 4–20 ಮಿಲಿಆಂಪ್ ಸಿಗ್ನಲ್, ಮೂರು ಸಾಧನ: ಹಂಚುವುದು ಹೇಗೆ?

ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಡ್ರಮ್‌ನ ನೀರಿನ ಮಟ್ಟ (ಲೆವೆಲ್) ಅಳೆಯುವ ಎರಡು ತಂತಿ ಟ್ರಾನ್ಸ್‌ಮಿಟರ್ (ಪವರ್, ಸಿಗ್ನಲ್ ಎರಡೂ ಅದೇ ತಂತಿಗಳಲ್ಲಿ) ಒಂದೇ ಇದೆ. ಅದರ ಸಿಗ್ನಲ್ 4 ಮಿಲಿಆಂಪ್ ಇದ್ದರೆ ಲೆವೆಲ್ ಶೇ. 0, 20 ಇದ್ದರೆ ಶೇ. 100. ಪಿಎಲ್‌ಸಿ (ಕಂಟ್ರೋಲ್ ಮಾಡುವ ಕಂಪ್ಯೂಟರ್), ರೆಕಾರ್ಡರ್, ಪ್ಯಾನೆಲ್ ಇಂಡಿಕೇಟರ್ ಮೂರಕ್ಕೂ ರೀಡಿಂಗ್ ಬೇಕು ಎಂದು ಕೇಳಿದ್ದೀರಿ.

ಪ್ಯಾರಲಲ್ ಮಾಡಲೇಬೇಡಿ, ಕರೆಂಟ್ ಪಾಲಾಗಿ ಎಲ್ಲ ರೀಡಿಂಗೂ ತಪ್ಪುತ್ತದೆ. ಸೀರೀಸ್ ಮಾಡಬಹುದು, ಆದರೆ ಮೊದಲು ಲೆಕ್ಕ ಹಾಕಿ. ಸಪ್ಲೈ 24 ವೋಲ್ಟ್, ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 12 ಬೇಕೆಂದರೆ ಉಳಿಯುವುದು 12. ಅದನ್ನು 0.02 ಆಂಪ್‌ನಿಂದ (ಅಂದರೆ 20 ಮಿಲಿಆಂಪ್) ಭಾಗಿಸಿದರೆ 600 ಓಮ್. ಒಟ್ಟು ರೆಸಿಸ್ಟೆನ್ಸ್ ಇದನ್ನು ಮೀರಬಾರದು, ಕೇಬಲ್ ಕೂಡ ಇದರೊಳಗೇ ಬರಬೇಕು. ಮೂರು ಇನ್‌ಪುಟ್ ತಲಾ 250 ಓಮ್ ಇದ್ದರೆ 750 ಆಯಿತು. ಆಗ ಲೂಪ್‌ನ (ಇಡೀ ಸರ್ಕ್ಯೂಟ್‌ನ) ಕರೆಂಟ್ 16 ಮಿಲಿಆಂಪ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಡ್ರಮ್‌ನಲ್ಲಿ ನೀರು ಏರುತ್ತಿದ್ದರೂ ಮೂರೂ ಕಡೆ ಶೇ. 75 ಎಂದೇ ತೋರಿಸುತ್ತದೆ. ಮೂರೂ ಒಂದೇ ಹೇಳುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ, ಅಪಾಯ ಅದೇ.

ಇನ್ನೊಂದು ತೊಂದರೆ ಅರ್ಥ್‌ನದು. ಎರಡು ಸಾಧನಗಳ ಮೈನಸ್ ಒಳಗೇ ಅರ್ಥ್‌ಗೆ ಸೇರಿದ್ದರೆ, ಮೊದಲನೆಯದರ ನಂತರದ ಇನ್‌ಪುಟ್ ಶಾರ್ಟ್ ಆಗಿ ಸೊನ್ನೆ ತೋರಿಸುತ್ತದೆ. ಅಂಥದ್ದು ಒಂದೇ ಇರಲಿ, ಅದೂ ಸಪ್ಲೈ ಮೈನಸ್ ಪಕ್ಕದ ಕೊನೆಯ ಸ್ಥಾನದಲ್ಲಿ.

ನನ್ನ ಆಯ್ಕೆ: ಒಂದು ಇನ್‌ಪುಟ್, ಎರಡು ಔಟ್‌ಪುಟ್‌ಗಳ ಸಿಗ್ನಲ್ ಐಸೊಲೇಟರ್, ಅಂದರೆ ನೇರ ವಿದ್ಯುತ್ ಸಂಪರ್ಕವಿಲ್ಲದೆ ಅದೇ ಸಿಗ್ನಲ್‌ನ ನಕಲು ಕೊಡುವ ಸಾಧನ. ಒಂದು ಔಟ್‌ಪುಟ್ ಪಿಎಲ್‌ಸಿಗೆ ಮಾತ್ರ, ಇನ್ನೊಂದರಲ್ಲಿ ರೆಕಾರ್ಡರ್, ಇಂಡಿಕೇಟರ್ ಸೀರೀಸ್. ರೆಕಾರ್ಡರ್ ಬಿಚ್ಚಿದರೂ ಕಂಟ್ರೋಲ್ ನಿಲ್ಲುವುದಿಲ್ಲ. ಔಟ್‌ಪುಟ್‌ಗಳು ಪರಸ್ಪರವೂ ಐಸೊಲೇಟ್ ಆಗಿವೆಯೇ ಎಂದು ಡೇಟಾಶೀಟ್ ನೋಡಿಯೇ ಕೊಳ್ಳಿ. ಲೋ-ಲೆವೆಲ್ ಟ್ರಿಪ್‌ಗೆ (ನೀರು ತೀರಾ ಇಳಿದರೆ ಬಾಯ್ಲರ್ ನಿಲ್ಲಿಸುವ ವ್ಯವಸ್ಥೆ) ಮಾತ್ರ ಈ ಸಿಗ್ನಲ್ ಹಂಚಬೇಡಿ, ಅದಕ್ಕೆ ಬೇರೆಯೇ ಸೆನ್ಸರ್ ಇರಲಿ.