ತಲಪಾಡಿ ಆಚೆಯಿಂದ ಬರುವ ಮಕ್ಕಳ ಫೀಸು ಯಾಕೆ ತಡವಾಗುತ್ತದೆ

ಮೇಡಂ, ದಾವಣಗೆರೆಯಿಂದ ಮಂಗಳೂರಿಗೆ ಪಾಠ ಮಾಡಲು ಬಂದ ಮೊದಲ ವರ್ಷವೇ ನೀವು ಇದನ್ನು ಗಮನಿಸಿದ್ದು ನನಗೆ ಖುಷಿಯಾಯಿತು. ತಲಪಾಡಿ ಗಡಿ ದಾಟಿ ಕೇರಳದಿಂದ ಬರುವ ನಮ್ಮ ಕಾಸರಗೋಡು ಕಡೆಯ ಮಕ್ಕಳು ಯಾಕೆ ಫೀಸು ತಡವಾಗಿ ಕಟ್ಟುತ್ತಾರೆ, ಒಳ್ಳೆ ಅಂಕ ಇದ್ದವರೂ ಯಾಕೆ ಬಿಕಾಂಗೆ ಬರುತ್ತಾರೆ, ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಅವರ ಹೆಸರು ಯಾಕೆ ಕಾಣುವುದಿಲ್ಲ ಅಂತ ಕೇಳಿದ್ದೀರಿ. ಮನೆಯಲ್ಲಿ ದುಡ್ಡಿಲ್ಲ ಅನ್ನುವುದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ ಕಾಗದಪತ್ರದಲ್ಲಿದೆ. ನಮ್ಮ ಮಕ್ಕಳು ಏನು ಓದಬೇಕು ಅಂತ ನಿರ್ಧರಿಸುವ ಮೊದಲು ಯಾವ ರಾಜ್ಯದ ಕಚೇರಿಯ ಮುಂದೆ ಸಾಲು ನಿಲ್ಲಬೇಕು ಅಂತ ನಿರ್ಧರಿಸಬೇಕಾಗುತ್ತದೆ.

1956ರ ನವೆಂಬರ್ 1ರ ತನಕ ನಾವು ಕಾಸರಗೋಡಿನವರು ದಕ್ಷಿಣ ಕನ್ನಡ ಜಿಲ್ಲೆಯವರೇ. ಆಮೇಲೆ ಕೇರಳದವರಾದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಬೇಡಿಕೆಯನ್ನು ಕೊನೆವರೆಗೂ ಬಿಡಲಿಲ್ಲ. ಆ ಹಳೆ ಕಥೆಗೆ ಇಲ್ಲಿ ಹೋಗುವುದಿಲ್ಲ. ಇವತ್ತಿನ ಹದಿನೆಂಟರ ಹುಡುಗಿಗೆ ಅದರಿಂದ ಏನಾಗಿದೆ ಅನ್ನುವುದಷ್ಟೇ ನಿಮಗೆ ಬೇಕಿರುವುದು.

ಪೈವಳಿಕೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳು. ಶಾಲೆಯಲ್ಲಿ ಹತ್ತನೆಯ ತನಕ ಕನ್ನಡ ಮಾಧ್ಯಮ. ವಿಲೇಜ್ ಆಫೀಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಮಲಯಾಳ. ಹತ್ತಾದ ಮೇಲೆ ಪ್ಲಸ್ ಟು (ನಮ್ಮಲ್ಲಿ ಪಿಯುಸಿ ಇಲ್ಲ), ಅದು ಇಂಗ್ಲಿಷ್. ಇಷ್ಟು ಭಾಷೆ ಬರುವ ಮಗು ಹಿಂದುಳಿದದ್ದಲ್ಲ. ಆದರೆ ಅವಳು ಮಂಗಳೂರಿಗೆ ಬಂದ ದಿನ ಕರ್ನಾಟಕದ ಲೆಕ್ಕದಲ್ಲಿ ಹೊರರಾಜ್ಯದವಳು. ಕೇರಳದಲ್ಲಿ ಅವಳಿಗಿದ್ದ ಜಾತಿ ಮೀಸಲಾತಿ ಇಲ್ಲಿ ನಡೆಯುವುದಿಲ್ಲ. ಕರ್ನಾಟಕದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಇಲ್ಲಿಯ ನಿವಾಸಿಗಳಿಗೆ. ಕೇರಳದ ವಿದ್ಯಾರ್ಥಿವೇತನವಾದ ಇ-ಗ್ರಾಂಟ್ಸ್ ಮುಖ್ಯವಾಗಿ ಕೇರಳದೊಳಗೆ ಓದುವವರಿಗೆ. ಹೀಗೆ ಎರಡು ಸರ್ಕಾರಗಳ ನಡುವೆ ಅವಳು ಜಾರಿಬಿಡುತ್ತಾಳೆ. ನಿಮ್ಮ ಪಟ್ಟಿಯಲ್ಲಿ ಹೆಸರು ಇಲ್ಲದಿರುವುದು ಅದಕ್ಕೇ. ಅವಳು ಅರ್ಜಿ ಹಾಕುವುದನ್ನು ಮರೆತದ್ದಲ್ಲ.

ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಒಂದು ಬಾಗಿಲು ಇಟ್ಟಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ, ಮನೆಮಾತು ಕನ್ನಡ, ತುಳು ಇಲ್ಲವೇ ಕೊಡವ ಆಗಿರುವ ಮಕ್ಕಳು ಸಿಇಟಿಯಲ್ಲಿ ಗಡಿನಾಡು ನಿಯಮದಡಿ ಸರ್ಕಾರಿ ಸೀಟಿಗೆ ಅರ್ಜಿ ಹಾಕಬಹುದು. ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರಗಳು ಬೇಕು, ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಈ ಸೌಲಭ್ಯ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಗೊತ್ತಾಗುವಷ್ಟರಲ್ಲಿ ಅರ್ಜಿಯ ದಿನ ಮುಗಿದಿರುತ್ತದೆ. ಮಕ್ಕಳು ಒಂಬತ್ತನೇ ಕ್ಲಾಸಿನಲ್ಲಿರುವಾಗಲೇ ಪ್ರತಿ ಶಾಲೆಯ ಪಿಟಿಎ ಸಭೆಯಲ್ಲಿ ಇದನ್ನು ಹೇಳಬೇಕು ಅನ್ನುವುದು ನನ್ನ ಬಹುದಿನದ ಹಠ.

ಇನ್ನು ಕಾಗದದ ಕಷ್ಟ. ಜೂನ್ ತಿಂಗಳಲ್ಲಿ ಉಪ್ಪಳದಲ್ಲೋ ಕುಂಬಳೆಯಲ್ಲೋ ಯಾವುದಾದರೂ ಅಕ್ಷಯ ಕೇಂದ್ರಕ್ಕೆ ಒಂದು ಬೆಳಿಗ್ಗೆ ಬನ್ನಿ. ಅಕ್ಷಯ ಅಂದರೆ ನಿಮ್ಮ ಕಡೆಯ ಗ್ರಾಮ ಒನ್ ಇದ್ದ ಹಾಗೆ, ಆನ್‌ಲೈನ್ ಅರ್ಜಿಗಳೆಲ್ಲ ಅಲ್ಲಿಂದಲೇ. ಹೊರಗೆ ಮಳೆ. ಒಳಗೆ ಬೆಂಚಿನ ಮೇಲೆ ಅಮ್ಮಂದಿರು, ಮಡಿಲಲ್ಲಿ ಪ್ಲಾಸ್ಟಿಕ್ ಕವರು. ಕವರಿನೊಳಗೆ ರೇಷನ್ ಕಾರ್ಡು, ಆಧಾರ್, ತೆರಿಗೆ ರಶೀದಿ, ಮಗಳ ಎಸ್‌ಎಸ್‌ಎಲ್‌ಸಿ ಪುಸ್ತಕ. ರೇಷನ್ ಕಾರ್ಡಿನಲ್ಲಿ ಹೆಸರು ಮಲಯಾಳದಲ್ಲಿ, ಮಲಯಾಳದ ರೀತಿಯಲ್ಲಿ. ಶಾಲೆಯ ದಾಖಲೆಯಲ್ಲಿ ನಾವು ಕರೆಯುವ ರೀತಿಯಲ್ಲಿ. ಇಂಗ್ಲಿಷಿಗೆ ಇಳಿಸುವಾಗ ಎರಡೂ ಬೇರೆ ಬೇರೆ. ಕಂಪ್ಯೂಟರ್ ಮುಂದೆ ಕೂತ ಹುಡುಗಿ ಒಂದೊಂದೇ ಅಕ್ಷರ ಹೋಲಿಸಿ ನೋಡಿ, 'ಇದು ಆಗುವುದಿಲ್ಲ ಚೇಚಿ, ಒಂದೇ ಆಳು ಅಂತ ಸರ್ಟಿಫಿಕೇಟ್ ತರಬೇಕು' ಅನ್ನುತ್ತಾಳೆ. ಎಲ್ಲ ಸರಿಯಿದ್ದರೆ ಒಟಿಪಿ ಬರುತ್ತದೆ. ಅದು ಹೋಗುವುದು ದುಬೈಯಲ್ಲೋ ಶಾರ್ಜಾದಲ್ಲೋ ಕೆಲಸದಲ್ಲಿರುವ ಮಗನ ನಂಬರಿಗೆ. ಅವನು ಡ್ಯೂಟಿಯಲ್ಲಿದ್ದರೆ ಆ ದಿನ ಮುಗಿಯಿತು. ದಿನಗೂಲಿ ಬಿಟ್ಟು ಬಂದ ಅಮ್ಮ ಮತ್ತೆ ನಾಳೆ ಬರಬೇಕು. ಆದಾಯ ಪ್ರಮಾಣಪತ್ರ, ನೇಟಿವಿಟಿ, ಜಾತಿ, ಮನೆಮಾತು, ಒಂದೊಂದಕ್ಕೂ ಇದೇ ಪಾಡು. ನೀವು ಫೀಸಿಗೆ ಕೊಟ್ಟ ಕೊನೆ ದಿನಾಂಕ ಹೀಗೆ ಸದ್ದಿಲ್ಲದೆ ದಾಟಿಹೋಗುತ್ತದೆ.

ದುಡ್ಡಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಕಾಲೇಜು ಫೀಸು ಬರುವುದು ಮುಖ್ಯವಾಗಿ ಅಡಿಕೆ, ಗಲ್ಫ್ ಮತ್ತು ಕೂಲಿಯಿಂದ. ಹಳೆ ಚಾಲಿ (ಒಣಗಿಸಿ ಸುಲಿದ) ಅಡಿಕೆಗೆ ಕಿಲೋಗೆ 500 ರೂಪಾಯಿ ದಾಟಿದ ವರ್ಷಗಳಲ್ಲಿ ಎಲ್ಲರ ಮನೆಯಲ್ಲೂ ಇಂಜಿನಿಯರಿಂಗ್ ಮಾತು. ಆದರೆ ದರ ಇದ್ದ ವರ್ಷ ಫಸಲು ಇರುವುದಿಲ್ಲ. ಮಳೆ ಬಿಡದೆ ಹೊಡೆದರೆ ಬೋರ್ಡೋ ಮದ್ದು ಬಿಡಲು ಆಗದೆ ಕೊಳೆರೋಗ. ಅದು ತಪ್ಪಿದರೆ ಎಲೆಚುಕ್ಕಿ, ಹಳದಿ ರೋಗ. ಅರ್ಧ ಎಕರೆ, ಒಂದು ಎಕರೆ ತೋಟದವರು ಮಗನ ನಾಲ್ಕು ವರ್ಷದ ಓದನ್ನು ಅಡಿಕೆಯ ಮೇಲೆ ನಂಬಿ ಇಡುವ ಹಾಗಿಲ್ಲ. ಗಲ್ಫ್ ಕೂಡ ಮೊದಲಿನ ಹಾಗಿಲ್ಲ. 2020ರಲ್ಲಿ ಕೆಲಸ ಕಳೆದುಕೊಂಡು ಬಂದ ಎಷ್ಟೋ ಮಂದಿ ಆಮೇಲೆ ಹೋದದ್ದು ಕಡಿಮೆ ಸಂಬಳಕ್ಕೆ.

ಹಾಗಾಗಿ ಇಲ್ಲಿಯ ಮಧ್ಯಮ ಮನೆಗಳ ನಿಜವಾದ ಆಧಾರ ಚಿಟ್ಟಿ, ಅಂದರೆ ನಿಮ್ಮ ಕಡೆಯ ಚೀಟಿ. ಕೆಎಸ್‌ಎಫ್‌ಇ ಅಂತ ಕೇರಳ ಸರ್ಕಾರದ್ದೇ ಒಂದು ಸಂಸ್ಥೆ ಉಂಟು, 1969ರಿಂದ ನಡೆಯುತ್ತಿದೆ. ತಿಂಗಳಿಗೆ 2500ರಂತೆ 40 ತಿಂಗಳ ಒಂದು ಲಕ್ಷದ ಚಿಟ್ಟಿಗೆ ಮಗ ಎಂಟನೇ ಕ್ಲಾಸಿನಲ್ಲಿರುವಾಗ ಸೇರಿದರೆ ಪ್ಲಸ್ ಟು ಮುಗಿಯುವ ಮೊದಲೇ ದುಡ್ಡು ಕೈಗೆ ಬರುತ್ತದೆ. ಅವಸರಕ್ಕೆ ಮೊದಲೇ ಹರಾಜಿನಲ್ಲಿ ಕೂಗಿ ಎತ್ತಿದರೆ 30 ಪರ್ಸೆಂಟ್ ತನಕ ಕಳೆದುಕೊಳ್ಳಬೇಕಾಗಬಹುದು. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು, ಬೇಗ ಸೇರಿ, ತಡವಾಗಿ ಎತ್ತಿ. ಚಿಟ್ಟಿ ಇಲ್ಲದವರು ಚಿನ್ನ ತೆಗೆದುಕೊಂಡು ಸೇವಾ ಸಹಕಾರಿ ಬ್ಯಾಂಕಿಗೆ ಹೋಗುತ್ತಾರೆ. ಜೂನ್, ಜುಲೈಯಲ್ಲಿ ಅಮ್ಮನ ಕೊರಳು ಬರಿದಾಗಿದ್ದರೆ ಊರಿನವರಿಗೆ ಕಾರಣ ಕೇಳಬೇಕಾಗಿಲ್ಲ.

ಬೀಡಿ ಕಟ್ಟುವ ಮನೆಗಳಿಗೆ ಒಂದು ಪ್ರತ್ಯೇಕ ಸಹಾಯ ಉಂಟು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆ, ಕಲಿಯುವ ತರಗತಿಗೆ ತಕ್ಕಂತೆ, ವರ್ಷಕ್ಕೆ 1000ದಿಂದ 25000 ರೂಪಾಯಿ ತನಕ ಕೊಡುತ್ತದೆ. ಎನ್‌ಎಸ್‌ಪಿ ಅನ್ನುವ ಕೇಂದ್ರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ. ಪ್ಲಸ್ ಟುವಿನಲ್ಲಿ ಮೇಲಿನ ಅಂಕ ತೆಗೆದ, ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಮಕ್ಕಳಿಗೆ ಡಿಗ್ರಿಯ ಮೂರು ವರ್ಷ ತಲಾ 12000 ಕೊಡುವ ಕೇಂದ್ರ ವಿದ್ಯಾರ್ಥಿವೇತನವೂ ಉಂಟು. ಇವು ಕೇಂದ್ರದವು. ಹಾಗಾಗಿ ತಲಪಾಡಿ ದಾಟಿದರೂ ಜೊತೆಗೆ ಬರುತ್ತವೆ. ನಮ್ಮ ಮಕ್ಕಳು ಮೊದಲು ನೋಡಬೇಕಾದದ್ದು ಇಂಥವನ್ನೇ.

ಬ್ಯಾಂಕ್ ಸಾಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಅದನ್ನು ತೆಗೆಯುವ ಹೆಚ್ಚಿನ ಮನೆಗಳಲ್ಲಿ ಲೆಕ್ಕ ಮಾಡಿರುವುದಿಲ್ಲ. ನಾಲ್ಕು ಲಕ್ಷದ ತನಕ ಜಾಮೀನು ಆಸ್ತಿ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿದ ಅಪ್ಪನಿಗೆ 'ಆಮೇಲೆ ನೋಡುವ' ಅನ್ನಿಸಿಬಿಡುತ್ತದೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ವರ್ಷಕ್ಕೆ ಒಂದೊಂದು ಲಕ್ಷದಂತೆ ನಾಲ್ಕು ವರ್ಷ ತೆಗೆದರೆ, ಬಡ್ಡಿ 10 ಪರ್ಸೆಂಟ್ ಅಂತ ಇಟ್ಟುಕೊಂಡರೆ, ಕಂತು ಶುರುವಾಗುವಾಗ ಸಾಲ 5 ಲಕ್ಷ 40 ಸಾವಿರ ಆಗಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 7000ಕ್ಕೂ ಮೇಲೆ. ಕೈಗೆ ಹದಿನೈದು ಸಾವಿರ ಬರುವ ಹುಡುಗ ಅದರಲ್ಲಿ ಅರ್ಧದಷ್ಟು ಕಟ್ಟಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಬದುಕುವುದು ಹೇಗೆ ಹೇಳಿ? ಓದುವಾಗಲೇ ತಿಂಗಳ ಬಡ್ಡಿ ಕಟ್ಟಿಕೊಂಡು ಹೋದರೆ ಅಸಲು ನಾಲ್ಕೇ ಲಕ್ಷ ಉಳಿಯುತ್ತದೆ, ಕಂತು 5300ರ ಹತ್ತಿರಕ್ಕೆ ಇಳಿಯುತ್ತದೆ. ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕೋರ್ಸು ವೃತ್ತಿಪರವಾಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆ ಉಂಟು. ಸಾಲಕ್ಕೆ ಸಹಿ ಹಾಕುವ ದಿನವೇ ಮ್ಯಾನೇಜರನ್ನು ಇದರ ಬಗ್ಗೆ ಕೇಳಬೇಕು.

ಈಗ ಬಿಕಾಂ ಯಾಕೆ ಅನ್ನುವುದು ನಿಮಗೆ ಅರ್ಥವಾಗಿರಬಹುದು. ಅದು ಮಹತ್ವಾಕಾಂಕ್ಷೆ ಇಲ್ಲದ್ದರಿಂದ ಮಾಡಿದ ಆಯ್ಕೆ ಅಲ್ಲ. ಮಂಜೇಶ್ವರದಿಂದ, ಕುಂಬಳೆಯಿಂದ ರೈಲು ಹತ್ತಿದರೆ ಮಂಗಳೂರು ಹತ್ತಿರ. ವಿದ್ಯಾರ್ಥಿಗಳಿಗೆ ಸೀಸನ್ ಟಿಕೆಟಿನಲ್ಲಿ ರಿಯಾಯಿತಿ ಸಿಗುತ್ತದೆ. ಹಾಸ್ಟೆಲ್ ಖರ್ಚಿಲ್ಲ. ಸಂಜೆ ಮನೆಗೆ ಬಂದು ದನದ ಹಟ್ಟಿಯ ಕೆಲಸವೋ ತೋಟದ ಕೆಲಸವೋ ಆಗುತ್ತದೆ. ಜೊತೆಗೆ 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯಿತು, ಅದೇ ವರ್ಷ ಕರ್ನಾಟಕ ಮೂರು ವರ್ಷಕ್ಕೆ ವಾಪಸಾಯಿತು. ಕೇರಳದಲ್ಲೂ ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಬರಬಹುದು. ಆದರೂ 'ನಾಲ್ಕು ವರ್ಷ' ಅನ್ನುವ ಮಾತು ಕೇಳಿಯೇ ಹೆದರಿದ ಮನೆಗಳು ನನಗೆ ಗೊತ್ತು.

ನನ್ನನ್ನು ಕೇಳಿದರೆ, ಕಷ್ಟದ ಕಾಲದಲ್ಲಿ ಹತ್ತಿರದ ಸರ್ಕಾರಿ ಕಾಲೇಜೇ ಒಳ್ಳೆಯದು. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂಎ ತನಕ ಉಂಟು. ಮಂಜೇಶ್ವರದಲ್ಲಿ ಗೋವಿಂದ ಪೈ ಹೆಸರಿನ ಸರ್ಕಾರಿ ಕಾಲೇಜು ಉಂಟು. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, ಪೊವ್ವಲ್‌ನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು. ಉತ್ತರದ ನಮ್ಮವರು ಚಂದ್ರಗಿರಿ ದಾಟಿ ದಕ್ಷಿಣಕ್ಕೆ ನೋಡುವುದೇ ಇಲ್ಲ, ಮಲಯಾಳದ ಹೆದರಿಕೆ. ಈ ಹೆದರಿಕೆ ನಮಗೆ ಬಹಳ ದುಬಾರಿ ಬಿದ್ದಿದೆ. ಮಲಯಾಳ ಓದಲು ಬರೆಯಲು ಕಲಿತರೆ ನಮ್ಮ ಕನ್ನಡ ಕರಗಿಹೋಗುವುದಿಲ್ಲ. ಕಲಿಯದಿದ್ದರೆ ಕೇರಳ ಪಿಎಸ್‌ಸಿ (ಸರ್ಕಾರಿ ನೇಮಕಾತಿ ಆಯೋಗ) ಕೊಡುವ ಹೆಚ್ಚಿನ ಕೆಲಸಗಳು ಕೈತಪ್ಪುತ್ತವೆ.

ಹಾಗಂತ ಕನ್ನಡಕ್ಕೆ ಅನ್ನ ಇಲ್ಲ ಅಂತಲ್ಲ. ಮಾಯಿಪ್ಪಾಡಿಯ ಡಯಟ್‌ನಲ್ಲಿ (ಶಿಕ್ಷಕರ ತರಬೇತಿ ಸಂಸ್ಥೆ) ಡಿಎಲ್‌ಎಡ್ ಕೋರ್ಸು ಮಾಡಿ ಕನ್ನಡ ಮಾಧ್ಯಮ ಶಾಲೆಗಳಿಗೆ ಮೇಷ್ಟ್ರಾದವರು ಊರೂರಲ್ಲಿ ಇದ್ದಾರೆ. ಕನ್ನಡ ಬಲ್ಲ ಗುಮಾಸ್ತರ ಹುದ್ದೆಗಳಿಗೂ ಪಿಎಸ್‌ಸಿ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಆದರೆ ಹುದ್ದೆ ಕಡಿಮೆ. ರ‍್ಯಾಂಕ್ ಪಟ್ಟಿಯ ಆಯುಷ್ಯ ಹೆಚ್ಚೆಂದರೆ ಮೂರು ವರ್ಷ. ಶಾಲೆಯಲ್ಲಿ ಮಕ್ಕಳು ಕಡಿಮೆಯಾದ ಹಾಗೆ ಡಿವಿಷನ್ (ತರಗತಿಯ ವಿಭಾಗ) ಹೋಗುತ್ತದೆ, ಅದರ ಜೊತೆ ಹುದ್ದೆಯೂ ಹೋಗುತ್ತದೆ. ಇದೊಂದನ್ನೇ ನಂಬಿ ಕೂರಬೇಡಿ ಅಂತ ಮಕ್ಕಳಿಗೆ ಹೇಳುತ್ತೇನೆ. ಕನ್ನಡ ಬಿಡಬೇಡಿ ಅಂತಲೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ನನಗೆ ಸಿಟ್ಟು ಬರುವುದು ಸೀಟಿನ ಏಜೆಂಟರನ್ನು ಕಂಡಾಗ. ಪ್ಲಸ್ ಟು ಫಲಿತಾಂಶ ಬಂದ ವಾರವೇ ಮನೆಗೆ ಬರುತ್ತಾರೆ. ನರ್ಸಿಂಗ್, ಪ್ಯಾರಾಮೆಡಿಕಲ್, ಯಾವುದೋ ಹೊಸ ಹೆಸರಿನ ಡಿಪ್ಲೊಮಾ. 'ಈಗ ಹತ್ತು ಸಾವಿರ ಕಟ್ಟಿ, ಉಳಿದದ್ದಕ್ಕೆ ಲೋನ್ ಮಾಡಿಸುವ' ಅನ್ನುತ್ತಾರೆ. ಒಳ್ಳೆ ಕಾಲೇಜಿನಲ್ಲಿ ಓದಿದ ನರ್ಸುಗಳು ನಮ್ಮ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ನೋಡದೆ ಸೇರಿದವಳು ಮೂರನೇ ವರ್ಷದಲ್ಲಿ ಅಳುವುದನ್ನು ನೋಡಲು ಆಗುವುದಿಲ್ಲ. ಮೂಲ ಸರ್ಟಿಫಿಕೇಟ್‌ಗಳನ್ನು ಏಜೆಂಟನ ಕೈಗೆ ಕೊಡಲೇಬಾರದು.

ಇನ್ನೊಂದು ಮಾತು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿಮಗೆ ನೆನಪಿರಬಹುದು. ಮರುವರ್ಷ ತಲಪಾಡಿ ದಾಟಲು ಆರ್‌ಟಿ-ಪಿಸಿಆರ್ ವರದಿ ಬೇಕಾಯಿತು. ದಿನಾ ಕಾಲೇಜಿಗೆ ಹೋಗುವ ಮಕ್ಕಳು ಮತ್ತೆ ಮತ್ತೆ ಮೂಗಿಗೆ ಕಡ್ಡಿ ಹಾಕಿಸಿಕೊಂಡರು. ಅಲ್ಲಿಯ ತನಕ ನಮಗೆ ಮಂಗಳೂರು ಪಕ್ಕದ ಪೇಟೆ. ಆಮೇಲೆ 'ಮಂಗಳೂರಿಗೆ ಕಳಿಸುವುದಾ, ಇಲ್ಲೇ ಇರಲಿಯಾ' ಅನ್ನುವ ಪ್ರಶ್ನೆ ಅಪ್ಪ ಅಮ್ಮಂದಿರ ಬಾಯಲ್ಲಿ ಬಂದದ್ದು, ಇನ್ನೂ ಪೂರ್ತಿ ಹೋಗಿಲ್ಲ.

ನೀವು ಏನು ಮಾಡಬಹುದು ಅಂತ ಕೊನೆಗೆ ಕೇಳಿದ್ದೀರಿ. ಮಾಡಬಹುದಾದದ್ದು ಬಹಳ ಉಂಟು. ಸೇರಿದ ವಾರವೇ ಆ ಮಕ್ಕಳಿಗೆ ಬೋನಫೈಡ್ ಮತ್ತು ವರ್ಷವಾರು ಫೀಸಿನ ವಿವರ ಇರುವ ಪತ್ರ ಕೊಡಿಸಿ. ಇಂಗ್ಲಿಷಿನಲ್ಲಿ, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಸೀಲು ಸಹಿತ. ಕೇರಳದ ಬ್ಯಾಂಕ್ ಶಾಖೆ ಮೊದಲು ಕೇಳುವುದು ಅದನ್ನೇ. ಎನ್‌ಎಸ್‌ಪಿ ಅರ್ಜಿಯನ್ನು ಕಾಲೇಜಿನ ಕಡೆಯಿಂದ ದೃಢೀಕರಿಸದಿದ್ದರೆ ಅದು ಮುಂದೆ ಹೋಗುವುದಿಲ್ಲ. ಆ ಕೆಲಸ ನೋಡುವ ಸಿಬ್ಬಂದಿಗೆ ಒಂದು ಮಾತು ನೆನಪಿಸಿ. ಫೀಸಿಗೆ ಎರಡು ಕಂತು ಆಗುತ್ತದಾ ಅಂತ ಪ್ರಾಂಶುಪಾಲರಲ್ಲಿ ಕೇಳಿ ನೋಡಿ. ಮತ್ತೆ, ಬೆಳಿಗ್ಗೆಯ ರೈಲು ತಡವಾದ ದಿನ ಮೊದಲ ಪೀರಿಯಡ್ ತಪ್ಪಿಸಿಕೊಂಡವರ ಹಾಜರಿಯ ಬಗ್ಗೆ ಸ್ವಲ್ಪ ವಿಚಾರಿಸಿ. ಪರೀಕ್ಷೆಗೆ ಕೂರಲು ಹಾಜರಿ ಕಡಿಮೆಯಾಗಿ ಒಂದು ವರ್ಷ ಹೋದರೆ, ಆ ಮನೆಗೆ ಇನ್ನೊಂದು ವರ್ಷದ ಫೀಸು ಹೊಂದಿಸುವ ಶಕ್ತಿ ಇರುವುದಿಲ್ಲ.