ಆಪ್ತಸಲಹೆ ಪ್ರಕರಣ: ನಡೆದರೆ ಕಣ್ಣು ಮಂಜಾಗುತ್ತದೆ, ವ್ಯಾಯಾಮ ಬಿಡಬೇಕೇ?

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಮಹಿಳೆ, 34 ವರ್ಷ. ಮರುಕಳಿಸಿ ತಗ್ಗುವ ಬಗೆಯ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಅಂದರೆ ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆ ಹಾಳಾಗುವ ಕಾಯಿಲೆ. ಆಸರೆಯಿಲ್ಲದೆ ನಡೆಯುತ್ತಾರೆ. ಒಂದು ಮಧ್ಯಾಹ್ನ 40 ನಿಮಿಷ ಬಿರುಸಾಗಿ ನಡೆದಾಗ ಬಲಗಣ್ಣು ಮಂಜಾಯಿತು, ಬಲಪಾದ ನೆಲಕ್ಕೆ ಉಜ್ಜತೊಡಗಿತು. ಕಾಯಿಲೆ ಮರುಕಳಿಸಿತೆಂದು ಹೆದರಿ ನಡಿಗೆಯನ್ನೇ ಬಿಟ್ಟರು. ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಸುಸ್ತು, ಜೊತೆಗೆ ಮಲಬದ್ಧತೆ, ಮನಸ್ಸಿಗೆ ಮಂಕು. "ಇವಳು ಮಲಗಿದ್ದರೇ ಒಳ್ಳೆಯದಲ್ಲವೇ?" ಎಂಬುದು ಪತಿಯ ಪ್ರಶ್ನೆ.

ಕಣ್ಣು ಎಷ್ಟು ಹೊತ್ತಿಗೆ ತಿಳಿಯಾಯಿತೆಂದು ಕೇಳಿದೆ. ಫ್ಯಾನ್ ಕೆಳಗೆ ಕೂತ ಅರ್ಧ ಗಂಟೆಗಂತೆ. ಹಾಗಿದ್ದರೆ ಇದು ಮರುಕಳಿಕೆಯಲ್ಲ. ನರತಂತುವಿನ ಮೈಲಿನ್ ಹೊದಿಕೆ ಹಾಳಾದ ಕಡೆ, ಮೈಶಾಖ ಅರ್ಧ ಡಿಗ್ರಿ ಏರಿದರೂ ಸಂಕೇತ ಮುಂದೆ ಸಾಗದೆ ನಿಲ್ಲಬಹುದು. ಮೈ ತಣಿದರೆ ಮತ್ತೆ ಸಾಗುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ 1890ರಲ್ಲೇ ಇದನ್ನು ವಿವರಿಸಿದ್ದರು. ನರಕ್ಕೆ ಇದರಿಂದ ಹೊಸ ಹಾನಿಯಿಲ್ಲ. ಜ್ವರವಾಗಲಿ ಸೋಂಕಾಗಲಿ ಇಲ್ಲದೆ ಹೊಸ ಲಕ್ಷಣ 24 ಗಂಟೆ ಮೀರಿ ಉಳಿದರೆ ಮಾತ್ರ ಮರುಕಳಿಕೆಯ ಶಂಕೆ. ಆಗ ವ್ಯಾಯಾಮ ನಿಲ್ಲಿಸಿ ನರರೋಗ ತಜ್ಞರನ್ನು ಕಾಣಬೇಕು.

ಪತಿಗೆ ನೇರವಾಗಿಯೇ ಹೇಳಿದೆ: ಎಂಎಸ್‌ನ ಆಯಾಸದ ಮೇಲೆ, ಬಳಸದೆ ಸೊರಗಿದ ಸ್ನಾಯುವಿನ ಆಯಾಸವೂ ಸೇರಿಕೊಂಡಿದೆ. ಎರಡನೆಯದನ್ನು ಕೊಟ್ಟದ್ದು ಹಾಸಿಗೆ.

ಅವರ ವೈದ್ಯರ ಒಪ್ಪಿಗೆ ಪಡೆದು ಕೊಟ್ಟ ಸಲಹೆ ಹೀಗಿದೆ. ವಾರಕ್ಕೆರಡು ದಿನ, ತಂಪು ಹೊತ್ತಿನಲ್ಲಿ, ಫ್ಯಾನ್ ಎದುರು ಕೂತು, ಮುಂದೆ ಸಾಗದ ವ್ಯಾಯಾಮದ ಸೈಕಲ್ ತುಳಿಯುವುದು, 10 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಾರಕ್ಕೆ 2 ನಿಮಿಷದಂತೆ ಏರಿಸಿ 30ಕ್ಕೆ ತರುವುದು. ಬೇರೆ ಎರಡು ದಿನ ಸ್ನಾಯುಬಲಕ್ಕೆ: ಗೋಡೆಗೆ ಒತ್ತಿದ ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು ಕೂರುವುದು, 2 ನಿಮಿಷ ವಿರಾಮ, ಮತ್ತೆ 10. ಪಾದದ ತುದಿ ನೆಲಕ್ಕೆ ತಾಗತೊಡಗಿದರೆ ಅಂದಿಗೆ ಅಷ್ಟೇ ಸಾಕು. ಹಟಕ್ಕೆ ಬಿದ್ದರೆ ಬೀಳುವ ಅಪಾಯ. ಮರುದಿನವೂ ಸುಸ್ತು ಉಳಿದರೆ ಹಿಂದಿನ ವಾರದ ಅಳತೆಗೆ ಇಳಿಯಬೇಕು.

ಎರಡನೇ ಭೇಟಿಯಲ್ಲಿ ಗೊತ್ತಾದ ಸಂಗತಿ: ಮೂತ್ರದ ಅವಸರಕ್ಕೆ ಹೆದರಿ ಇವರು ನೀರನ್ನೇ ಕಡಿಮೆ ಮಾಡಿದ್ದರು. ಈ ರೋಗಿಗಳಲ್ಲಿ ಇದು ಬಹಳ, ಆದರೆ ಕೇಳದೆ ಯಾರೂ ಹೇಳುವುದಿಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ ಹೆಚ್ಚುತ್ತದೆ, ಮೈ ತಣಿಯುವುದೂ ಕಷ್ಟ. ವ್ಯಾಯಾಮಕ್ಕೆ ಮೊದಲು ಶೌಚಾಲಯಕ್ಕೆ ಹೋಗಿಬನ್ನಿ, ನಡುವೆ ತಣ್ಣೀರು ಗುಟುಕರಿಸಿ ಎಂದೆ. ಅವಸರಕ್ಕೆ ಔಷಧವಿದೆ, ಅದಕ್ಕಾಗಿ ವೈದ್ಯರಿಗೆ, ಪಾದ ಎತ್ತುವ ಪಟ್ಟಿ ಬೇಕೇ ಎಂದು ನೋಡಲು ಫಿಸಿಯೋಥೆರಪಿಸ್ಟ್‌ಗೆ ಪತ್ರ ಬರೆದುಕೊಟ್ಟೆ.