ಕಸೂತಿ ಕೆಲಸಕ್ಕೆ ವಾರದ ಕಂತಿನ ಸಾಲ ಬೇಡ

ಅಕ್ಕಾ, ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಮಾಡುತ್ತೀರಿ, ಫೈನಾನ್ಸಿನವರು 40,000 ರೂಪಾಯಿ ಕೊಡ್ತಾರಂತೆ, ವಾರವಾರ ಕಂತು, ತಗೊಳ್ಳಲೇ ಅಂತ ಕೇಳಿದ್ದೀರಿ. ಸಾಲ ತಪ್ಪಲ್ಲ, ಆದರೆ ವಾರದ ಕಂತು ಖಂಡಿತ ಬೇಡ.

ಕಸೂತಿಯ ಗವಂತಿ, ಮುರಗಿ ಎಲ್ಲ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟು ಹಾಕುವಂತಿಲ್ಲ. ಸೆರಗಿನ ತುಂಬ ಗೋಪುರ, ತೇರು ತುಂಬಿಸಬೇಕೆಂದರೆ ವಾರಗಟ್ಟಲೆ ಕೂರಬೇಕು. ಸೀರೆ ಮಾರಿದ ಮೇಲಷ್ಟೇ ದುಡ್ಡು. ಕಂತಿನವರು ಮಾತ್ರ ಮುಂದಿನ ವಾರವೇ ಬಾಗಿಲಿಗೆ ಬರುತ್ತಾರೆ. ದಿನಾ ಕಾಸು ಓಡಾಡುವ ತರಕಾರಿ ವ್ಯಾಪಾರಕ್ಕೆ ಅದು ಹೊಂದೀತು, ನಿಮಗಲ್ಲ. ಆ ಕಂತಿಗಾಗಿ ಇನ್ನೊಂದು ಕಡೆ ಸಾಲ ಮಾಡುವ ಹೆಣ್ಣುಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಡ್ಡಿ ಶೇ 12 ಅಂತ ಅವರು ಹೇಳಿದರೆ, ಅದು ಇಡೀ ಸಾಲದ ಮೇಲಿನ ‘ಫ್ಲಾಟ್’ ಲೆಕ್ಕವೋ, ಉಳಿದ ಅಸಲಿನ ಮೇಲೋ ಕೇಳಿ. ಫ್ಲಾಟ್ ಆದರೆ ವರ್ಷಕ್ಕೆ 4,800. ಅಸಲು ಇಳಿದರೂ ಬಡ್ಡಿ ಇಳಿಯುವುದಿಲ್ಲ, ನಿಜದಲ್ಲಿ ಅದು ಶೇ 21ಕ್ಕಿಂತ ಹೆಚ್ಚು ಬೀಳುತ್ತದೆ.

ನಿಮ್ಮ ಓಣಿಯಲ್ಲಿ ಸ್ತ್ರೀಶಕ್ತಿ ಸಂಘ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ಇಲ್ಲವಾದರೆ ಬ್ಯಾಂಕಿನಲ್ಲಿ ಸಣ್ಣ ಉದ್ಯೋಗಕ್ಕೆಂದು ಇರುವ ಕೇಂದ್ರ ಸರ್ಕಾರದ ಮುದ್ರಾ ಶಿಶು ಸಾಲ ಕೇಳಿ, 50,000ದವರೆಗೆ ಅಡಮಾನ ಬೇಡ. ಎರಡು ಇಳಕಲ್ ಸೀರೆ, ರೇಷ್ಮೆ ದಾರಕ್ಕೆ ಎಷ್ಟು ಬೇಕೋ ಅಷ್ಟೇ ತಗೊಳ್ಳಿ.

ಫೈನಾನ್ಸೇ ಗತಿ ಎಂದಾದರೆ ತಿಂಗಳ ಕಂತು ಕೇಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ದರದ ವಿವರದ ಹಾಳೆಯನ್ನು ಕನ್ನಡದಲ್ಲೇ ಕೇಳಿ ಪಡೆದು, ಓದಿದ ಮೇಲೆ ಸಹಿ ಹಾಕಿ.